ಊರಬಾಗಿಲ ತನಕ

ಅಡಿಗೆಮನೆಯ ಕಿಟಕಿ ತೆರೆದರೆ ನನ್ನ ಬೆಳಗು ಶುರು. ಜನವರಿಯ ಕೊನೆಯ ದಿನಗಳು. ಹೊರಗೆ ಮಂಜು, ಆರಿದ ಹಾಲಿನ ಮೇಲಿನ ಕೆನೆಯಂತೆ ತೆಳ್ಳಗೆ ನಿಂತಿತ್ತು. ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಪಕ್ಕದ ಮನೆಯಾಕೆ ನನಗಿಂತ ಮೊದಲೇ ಏಳುವವರು. ಅವರ ಅಂಗೈಯ ತಾಳಕ್ಕೆ ನನ್ನ ಕೈಯೂ ತಾನಾಗಿ ಹೊಂದಿಕೊಂಡುಬಿಡುತ್ತದೆ; ಅವರು ರೊಟ್ಟಿ ತಿರುವಿದರೆಂದು ನಾನು ಚಪಾತಿ ತಿರುವುತ್ತೇನೆ.

ಗೇಟಿನ ಮುಂದೆ ನೀರು ಚಿಮುಕಿಸಿ ಸಣ್ಣದೊಂದು ರಂಗೋಲಿ ಎಳೆದು ಬಂದಿದ್ದೆ. ಬೆರಳ ಸಂದಿಯಲ್ಲಿ ಇನ್ನೂ ರಂಗೋಲಿ ಪುಡಿಯಿತ್ತು. ಯಜಮಾನರು ಪೂಜೆಗೆ ಕೂತಿದ್ದರು. ವಿಭೂತಿಯ ವಾಸನೆ, ಜೀರಿಗೆ ಒಗ್ಗರಣೆಯ ವಾಸನೆ ಎರಡೂ ನಡುಮನೆಯಲ್ಲಿ ಎದುರುಬದುರಾಗಿ, ಯಾರು ಮೊದಲು ದಾರಿ ಬಿಡುವುದೆಂದು ನಿಂತಂತಿದ್ದವು. ಚಪಾತಿಗೆ ತುಪ್ಪ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ, ಮಗಳ ಟಿಫನ್ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದೆ. ಟಪ್ಪೆಂದು ಮುಚ್ಚಳ ಕೂತ ಮೇಲೆ ನೆನಪಾಯಿತು, ಮಗಳು ಮನೆಯಲ್ಲಿಲ್ಲ. ನಿನ್ನೆ ಬೆಳಿಗ್ಗೆಯೇ ಬೆನ್ನಿಗೊಂದು ಚೀಲ ಹೊತ್ತು ಹೋದವಳು, ರಾತ್ರಿ ಕೊಕ್ಕನೂರಿನ ಆಚೆ ಯಾವುದೋ ಶಾಲೆಯ ಬಯಲಿನಲ್ಲಿ ಟೆಂಟಿನಲ್ಲಿ ಮಲಗಿದ್ದಾಳೆ. ಇವತ್ತು ಅಲ್ಲಿಂದ ಹರಿಹರದ ಹೊಳೆಯ ದಂಡೆಯವರೆಗೆ ನಡೆದು ಬರಬೇಕು.

ಡಬ್ಬಿ ಹಾಗೇ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಬೆಚ್ಚಗಿತ್ತು.

"ಕೊಕ್ಕನೂರತ್ತೆಗೆ ಇನ್ನೊಂದ್ ಸಲ ಫೋನ್ ಮಾಡ್ಬೇಕಿತ್ತೇನೋ," ಎಂದರು ಯಜಮಾನರು, ಪೂಜೆ ಮುಗಿಸಿ ಬಂದು.

"ಬ್ಯಾಡ ಬಿಡ್ರಿ. ಈಗಾಗ್ಲೇ ಸಿಟ್ಟೈತೆ. ಮತ್ತೆ ಮಾಡಿದ್ರೆ ಮೊದಲಿಗಿಂತ ಜಾಸ್ತಿ ಆಗ್ತೈತೆ."

"ಅದೂ ಖರೆ," ಎಂದು ಅವರು ಆ ಡಬ್ಬಿಯನ್ನೇ ತೆರೆದು ತಿನ್ನತೊಡಗಿದರು.

ಮಗಳ ಶಾಲೆಯಲ್ಲಿ ಮಕ್ಕಳಿಗೊಂದು ಪುರಸ್ಕಾರವಿದೆ. ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಮೆಟ್ಟಿಲು. ಓಟದ ಪಂದ್ಯದ ಹಾಗೆ ಒಬ್ಬರನ್ನೊಬ್ಬರು ಸೋಲಿಸುವ ಮಾತಿಲ್ಲ. ತಾನು ಮಾಡುತ್ತೇನೆಂದು ಒಪ್ಪಿಕೊಂಡಿದ್ದನ್ನು ಬಿಡದೆ ಮಾಡಿ ಮುಗಿಸಬೇಕು, ಅಷ್ಟೆ. ಒಂದು ಸೇವೆ, ಒಂದು ಕಸುಬು, ಒಂದು ವ್ಯಾಯಾಮ, ಕೊನೆಗೊಂದು ಪ್ರಯಾಣ. ಏಳನೆಯ ಕ್ಲಾಸಿನಲ್ಲಿ ಕಂಚು ಮುಗಿಸಿದವಳು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಬೆಳ್ಳಿಗೆಂದು ಶನಿವಾರ ಶನಿವಾರ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ನಿಂತು, ಆನಗೋಡಿನಿಂದಲೋ ಹದಡಿಯಿಂದಲೋ ಬಂದು ಚೀಟಿ ಹಿಡಿದು ಕಣ್ಣು ಕಣ್ಣು ಬಿಡುವವರಿಗೆ ಕಣ್ಣಿನ ಡಾಕ್ಟರ್ ಎಲ್ಲಿ, ರಕ್ತ ಕೊಡುವುದೆಲ್ಲಿ ಎಂದು ಕರೆದೊಯ್ದು ತೋರಿಸಿದಳು. ಮಂಡಿಪೇಟೆಯ ಟೈಲರಮ್ಮನ ಹತ್ತಿರ ಹೊಲಿಗೆ ಕಲಿತು ನನ್ನ ಸೀರೆಗೊಂದು ಜಾಕೀಟು ಹೊಲಿದಳು. ಒಂದು ತೋಳು ತುಸು ಬಿಗಿ, ಆದರೂ ಹಾಕಿಕೊಳ್ಳುತ್ತೇನೆ. ಸಂಜೆ ಮಾಳಿಗೆಯ ಮೇಲೆ ಹಗ್ಗದಾಟ. ಕೆಳಗೆ ಅಕ್ಕಿ ಆರಿಸುತ್ತ ಕೂತರೆ ತಲೆಯ ಮೇಲೆ ಧಪ್ ಧಪ್ ಎಂದು ಅವಳ ಪಾದ. ಎಷ್ಟೋ ಸಲ ಆ ಸದ್ದಿಗೇ ತೂಕಡಿಕೆ ಬಂದು, ಮೊರದ ಮೇಲಿನ ಅಕ್ಕಿಯ ಬಿಳುಪು ಹೊಳೆಯ ಮರಳಿನಂತೆ ಕಾಣುತ್ತಿತ್ತು.

ಉಳಿದಿದ್ದು ಪ್ರಯಾಣ. ನಾಲ್ಕು ಹುಡುಗಿಯರು, ತಮ್ಮ ಹೊರೆ ತಾವೇ ಹೊತ್ತು, ಮ್ಯಾಪು ನೋಡಿ ದಾರಿ ತಾವೇ ಹುಡುಕಿ, ಅಡುಗೆ ತಾವೇ ಮಾಡಿಕೊಂಡು, ಕಾಲ್ನಡಿಗೆಯಲ್ಲೇ ಹೋಗಿ ಬರಬೇಕು. ಗಾಡಿ ಹತ್ತುವಂತಿಲ್ಲ. ಯಾರಿಂದಲೂ ಊಟ ಈಸಿಕೊಳ್ಳುವಂತಿಲ್ಲ. ದೊಡ್ಡವರು ಯಾರೂ ಜೊತೆಗಿರುವಂತಿಲ್ಲ.

ಇದೇ ಪ್ರಯಾಣವನ್ನು ಹೋದ ವರ್ಷವೂ ಮಾಡಿದ್ದರು. ಅದು ಹಾಳಾದದ್ದು ಕೊಕ್ಕನೂರಿನಲ್ಲಿ. ಹಾಳು ಮಾಡಿದ್ದು ಪ್ರೀತಿ.

ಯಜಮಾನರ ಸೋದರತ್ತೆಯನ್ನು ಕೊಟ್ಟಿರುವುದು ಆ ಊರಿಗೆ. ನಾವೆಲ್ಲ ಕೊಕ್ಕನೂರತ್ತೆ ಎನ್ನುತ್ತೇವೆ, ಮಗಳು ಕೊಕ್ಕನೂರಜ್ಜಿ ಎನ್ನುತ್ತಾಳೆ. ಅರವತ್ತು ದಾಟಿ ಎಷ್ಟೋ ಆಯಿತು. ಗದ್ದೆಯ ಬದುವಿನ ಮೇಲೆ ಈಗಲೂ ನಮಗಿಂತ ಮುಂದೆ ನಡೆಯುತ್ತಾರೆ. ಹೋದ ವರ್ಷ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದವರಿಗೆ, ಬೆನ್ನ ಮೇಲೆ ಮೂಟೆಯಂಥ ಚೀಲ ಹೊತ್ತು, ಬಿಸಿಲಿಗೆ ಮುಖ ಕೆಂಪಾಗಿ ಬರುತ್ತಿರುವ ಹುಡುಗಿಯರಲ್ಲಿ ತಮ್ಮ ತವರಿನ ಕೂಸು ಕಂಡಿತು. ಮುಂದಿನದನ್ನು ಮಗಳು ಅಳುತ್ತ ಹೇಳಿದ್ದಳು. "ಬ್ಯಾಡಜ್ಜಿ, ಬ್ಯಾಡಜ್ಜಿ ಅಂದ್ವಿ ಅಮ್ಮ. 'ಸುಮ್ನಿರ್ರಿ, ನಮ್ಮ ಮನಿ ಹುಡುಗಿ ಕೂಲಿಯವರಂಗೆ ಹೊರೆ ಹೊತ್ಕೊಂಡು ಹೋದ್ರೆ ಊರಾಗೆ ಏನಂತಾರೆ' ಅಂತ ಚೀಲ ಕಿತ್ತು ಟ್ರ್ಯಾಕ್ಟರ್‌ನಾಗೆ ಎಸೆದ್ರು. ಆಮ್ಯಾಲೆ ನಮ್ಮನ್ನೂ."

ಮಕ್ಕಳ ಪ್ರಯಾಣ ನೋಡಿ ತೀರ್ಪು ಹೇಳಲು ಬಂದಿದ್ದ ಮೇಷ್ಟ್ರು ಟೆಂಟು ಹಾಕುವ ಬಯಲಿನಲ್ಲಿ ಕಾಯುತ್ತಿದ್ದರು. ಅವರ ಮುಂದೆಯೇ ಟ್ರ್ಯಾಕ್ಟರ್ ಬಂದು ನಿಂತಿತು. ಮದುವೆ ದಿಬ್ಬಣದ ಹಾಗೆ ನಾಲ್ವರೂ ಇಳಿದರು. ಹಿಂದೆಯೇ ಮಜ್ಜಿಗೆಯ ಬಿಂದಿಗೆ, ಶೇಂಗಾ ಹೋಳಿಗೆಯ ಡಬ್ಬಿ ಇಳಿದವು. ಪ್ರಯಾಣ ಲೆಕ್ಕಕ್ಕಿಲ್ಲವೆಂದು ಅಲ್ಲೇ ತೀರ್ಮಾನವಾಯಿತು.

ಹೀಗಾಯಿತೆಂದು ತಿಳಿದಾಗ ಅತ್ತೆ ಹೇಳಿದ್ದು ಒಂದೇ ಮಾತು. "ಬಿಸಿಲಾಗೆ ಮಕ್ಕಳು ನಡಿಯೋದು ಕಂಡು ನಾನು ಅವರೆಕಾಯಿ ಬಿಡಿಸ್ಕಂತ ಕುಂದ್ರಬೇಕಿತ್ತಾ?" ಆಮೇಲೆ ದೀಪಾವಳಿಗೆ ಬರಲಿಲ್ಲ. ಸಂಕ್ರಾಂತಿಗೆ ಎಳ್ಳು ಯಾರದೋ ಕೈಯಲ್ಲಿ ಬಂತು, ಅವರು ಬರಲಿಲ್ಲ.

ಈ ವರ್ಷ ಮಗಳು ಒಂಬತ್ತನೆಯ ಕ್ಲಾಸು. ಹತ್ತಕ್ಕೆ ಬಂದವರನ್ನು ಶಾಲೆಯವರು ಇಂಥದ್ದಕ್ಕೆಲ್ಲ ಬಿಡುವುದಿಲ್ಲ. ಹಾಗಾಗಿ ಇದೇ ಕೊನೆಯ ಅವಕಾಶ. ಈ ಸಲವೂ ತಪ್ಪಿದರೆ ಆಸ್ಪತ್ರೆಯ ಶನಿವಾರಗಳು, ನನ್ನ ಬಿಗಿತೋಳಿನ ಜಾಕೀಟು, ಮಾಳಿಗೆಯ ಹಗ್ಗ ಎಲ್ಲವೂ ಅರ್ಧಕ್ಕೇ ನಿಲ್ಲುತ್ತವೆ. ದಾರಿಯೂ ಅದೇ ದಾರಿ, ಹೋಗುವಾಗ ಅಲ್ಲದಿದ್ದರೂ ಬರುವಾಗ ಅದೇ ಕಟ್ಟೆಯ ಮುಂದಿನಿಂದ. ಮೊನ್ನೆ ನಾನೇ ಧೈರ್ಯ ಮಾಡಿ ಫೋನ್ ಮಾಡಿದ್ದೆ.

"ಅತ್ತೆ, ಈ ಸಲ ಮಕ್ಕಳು ಬಂದ್ರೆ ದಯವಿಟ್ಟು ಗಾಡಿ ಹತ್ತಿಸ್ಬ್ಯಾಡ್ರಿ. ಊಟನೂ ಕೊಡ್ಬ್ಯಾಡ್ರಿ."

ಆ ಕಡೆ ಹಿತ್ತಲ ಕೋಳಿಯ ಸದ್ದು. "ಕಾನ್ವೆಂಟ್‌ನಾಗೆ ಓದಿದ ಸೊಸಿ ಎಷ್ಟ್ ಚಂದಾಗೆ ಹೇಳ್ತಾಳೆ ನೋಡು, ದಯವಿಟ್ಟು ಅಂತ," ಎಂದರು ಅತ್ತೆ. "ಆತು ಬಿಡವ್ವ. ನಾನು ಬಾಗ್ಲು ಹಾಕ್ಕಂಡು ಒಳಗೆ ಕುಂತಿರ್ತೀನಿ. ತವರಿನ ಕೂಸು ಬಾಗ್ಲು ಮುಂದೆ ಹಾದು ಹೋಗ್ಲಿ, ಒಂದು ಕುಂಕುಮ ಸುದ್ದ ಇಡಂಗಿಲ್ಲ ನಾನು. ಆತಲ್ಲ?"

ಫೋನ್ ಇಟ್ಟದ್ದೂ ಅವರೇ.

ದಾವಣಗೆರೆಯಿಂದ ಹರಿಹರಕ್ಕೆ ನಾನು ರೈಲಿನಲ್ಲೇ ಹೋಗುವುದು. ಬಸ್ಸು ಬೇಗ ಮುಟ್ಟಿಸುತ್ತದೆ, ಆದರೆ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಬಹುದು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಹಳಿಯ ಪಕ್ಕದ ಮನೆಗಳ ಹಿತ್ತಲುಗಳಲ್ಲಿ ಒಗೆದ ಬಟ್ಟೆ, ನೀರೊಲೆಯ ಹೊಗೆ, ತೊಟ್ಟಿಯ ಅಂಚಿನಲ್ಲಿ ಹಲ್ಲುಜ್ಜುತ್ತ ನಿಂತು ರೈಲನ್ನೇ ನೋಡುವ ಹುಡುಗಿ. ನಾನೂ ಹಾಗೆ ನೋಡುತ್ತಿದ್ದವಳೇ. ನನ್ನ ಇಡೀ ಶಾಲೆಯ ಕಾಲದಲ್ಲಿ ನಾನು ನಡೆದ ಅತಿ ದೂರದ ದಾರಿಯೆಂದರೆ ಕಾನ್ವೆಂಟಿನಿಂದ ಚರ್ಚಿನ ಹಿಂದಿನ ಮೈದಾನಕ್ಕೆ. ಇಬ್ಬಿಬ್ಬರು ಕೈ ಹಿಡಿದು ಸಾಲು. ನೀಲಿ ರಿಬ್ಬನ್ನು, ಬಿಳಿ ಕಾಲುಚೀಲ. ಸಾಲಿನ ಕೊನೆಯಲ್ಲಿ ಕಪ್ಪು ಕೊಡೆ ಹಿಡಿದು ಒಬ್ಬ ಸಿಸ್ಟರ್. ಮಳೆಯಿರಲಿ ಬಿಸಿಲಿರಲಿ, ಆ ಕೊಡೆ ಸಾಲಿನ ಹಿಂದೆ ತೇಲಿ ಬರುತ್ತಿತ್ತು. ತಿರುಗಿ ನೋಡಬಾರದೆಂದು ನಿಯಮ, ನಾನು ನೋಡುತ್ತಿರಲಿಲ್ಲ. ಆದರೆ ಕೊಡೆಯ ನೆರಳು ನಮ್ಮ ಕಾಲಡಿ ಬಂದಾಗ ಗೊತ್ತಾಗುತ್ತಿತ್ತು, ನಾವು ನಿಧಾನ ಮಾಡಿದ್ದೇವೆಂದು. ಆ ನೆರಳಿಗೆ ಹೆದರಿಕೆಯೂ ಇತ್ತು, ಅದಿಲ್ಲದಿದ್ದರೆ ಬಯಲಿನಲ್ಲಿ ಒಂದು ಬಗೆಯ ತಬ್ಬಲಿತನವೂ.

ರೈಲು ನಿಂತಾಗ ಎಚ್ಚರಾಯಿತು. ನಿದ್ದೆ ಮಾಡಿದ್ದೆನೋ ಇಲ್ಲವೋ ತಿಳಿಯಲಿಲ್ಲ.

ಹೊಳೆಯ ದಂಡೆಗೆ ಆಟೋದಲ್ಲಿ ಹೋದೆ. ತುಂಗಭದ್ರೆ ಆ ತಿಂಗಳಲ್ಲಿ ಇಳಿದುಬಿಟ್ಟಿರುತ್ತಾಳೆ. ಬಂಡೆಗಳೆಲ್ಲ ಬೆನ್ನು ತೋರಿಸಿ ಮಲಗಿರುತ್ತವೆ, ಅವುಗಳ ನಡುವೆ ನೀರು ಸೆರಗು ಎಳೆದುಕೊಂಡು ಹೋದಂತೆ ಹೋಗುತ್ತದೆ. ಮೆಟ್ಟಿಲ ಮೇಲೆ ಟೋಪಿ ಹಾಕಿಕೊಂಡ ಒಬ್ಬರು ಕೂತಿದ್ದರು, ಪಕ್ಕದಲ್ಲಿ ಫ್ಲಾಸ್ಕು. ಅವರೇ ಮೇಷ್ಟ್ರೆಂದು ಗುರುತು ಸಿಕ್ಕಿತು. ಬೇರೆ ಊರಿನವರು, ಯಾವುದೋ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೋದ ವರ್ಷ ಟ್ರ್ಯಾಕ್ಟರ್ ನೋಡಿದ್ದೂ ಇವರೇ.

"ಕೂಡ್ರಿ ಅಮ್ಮ," ಎಂದರು. "ಇನ್ನೂ ಹೊತ್ತೈತೆ. ಊಟದ ಹೊತ್ತಿಗೆ ಬರಬೇಕು."

ನಾನು ಎರಡು ಮೆಟ್ಟಿಲು ಕೆಳಗೆ ಕೂತೆ. ದೂರದಲ್ಲಿ ನೀರಿನ ಹತ್ತಿರ ಒಬ್ಬಾಕೆ ಚಾದರ ಒಗೆಯುತ್ತಿದ್ದರು. ಕಲ್ಲಿಗೆ ಬಡಿದದ್ದು ಮೊದಲು ಕಣ್ಣಿಗೆ ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ನಾನು ಆ ಎರಡರ ನಡುವಿನ ಸಂದಿಯನ್ನೇ ನೋಡುತ್ತ ಕೂತೆ.

"ಈ ಸಲ ಟ್ರ್ಯಾಕ್ಟರ್ ಏನೂ ಇಲ್ಲ ತಾನೇ?" ಮೇಷ್ಟ್ರು ಕೇಳಿದರು. ದನಿಯಲ್ಲಿ ಚೇಷ್ಟೆಯಿತ್ತೋ ಎಚ್ಚರಿಕೆಯಿತ್ತೋ.

"ಹೇಳೀವಿ ಸರ್. ಒಪ್ಪಿದಾರೆ."

"ಈ ಕಡೆ ಜನರದ್ದು ಇದೇ ಕಷ್ಟ ನೋಡ್ರಿ. ಮಕ್ಕಳನ್ನ ದಾರಿ ತಪ್ಪಿಸೋರು ಯಾರೂ ಇಲ್ಲ. ಉಣ್ಣಿಸಿ ಕೆಡಿಸ್ತಾರೆ."

ಬಿಸಿಲು ಏರಿತು. ಚಾದರದಾಕೆ ಹಿಂಡಿ ಹರವಿ ಹೋದರು. ದಡದ ಗುಂಟ ಬರುವ ಕಾಲುದಾರಿ, ಅದರಾಚೆ ಹೊಸದಾಗಿ ನಾಟಿಯಾದ ಗದ್ದೆಗಳ ಎಳೆಹಸಿರು. ಊಟದ ಹೊತ್ತಾಯಿತು, ಮೀರಿತು. ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಅವರಿಗೆ ಮಗಳ ಶಾಲೆಯ ಮಿಸ್ ಫೋನ್ ಮಾಡಿದರು. ನಾಲೆಯ ತೂಬಿನ ಹತ್ತಿರ ಮಕ್ಕಳನ್ನು ನೋಡಿ ಆಕೆ ಸ್ಕೂಟರಿನಲ್ಲಿ ಮುಂದೆ ಶಾಲೆಗೆ ಹೋಗಿದ್ದರಂತೆ. ನಾಲ್ವರೂ ಚೆನ್ನಾಗಿದ್ದರು, ಹಿಂದೆ ದೂರದಲ್ಲಿ ಯಾರೋ ಹಳ್ಳಿಯವರೊಬ್ಬರು ನಡೆದು ಬರುತ್ತಿದ್ದರು, ಬೇರೆ ಯಾರೂ ಇರಲಿಲ್ಲವಂತೆ. ಹಾಗಾದರೆ ತಡವೇಕೆ ಎಂಬುದು ಆಕೆಗೂ ತಿಳಿಯದು.

ಬಿಸಿಲಿಗೆ ನೀರಿನ ಮೇಲಿನ ಬೆಳಕು ಕಣ್ಣೊಳಗೆ ಬಂದು ಕೂತಿತ್ತು. ರೆಪ್ಪೆಗಳು ತೂಗತೊಡಗಿದವು. ಆಗ ದೂರದ ಕಾಲುದಾರಿಯಲ್ಲಿ ಅವರು ಕಂಡರು. ನಡೆಯುತ್ತಿದ್ದಾರೆಂದು ಅನ್ನಿಸಲಿಲ್ಲ, ಬೆಳಕಿನಲ್ಲಿ ಒಂದೊಂದೇ ಚುಕ್ಕೆ ಅದ್ದಿ ಇಟ್ಟಂತೆ. ನಾಲ್ಕು ಚೀಲ. ಅವುಗಳ ನಡುವೆ, ತುಸು ಮೇಲೆ, ಒಂದು ಕಪ್ಪು ಕೊಡೆ ತೇಲಿ ಬರುತ್ತಿತ್ತು.

ಒಂದು ಗಳಿಗೆ ನನಗೆ ಏನೂ ವಿಚಿತ್ರವೆನಿಸಲಿಲ್ಲ. ನಮ್ಮದೇ ಸಾಲು, ನಮ್ಮದೇ ಸಿಸ್ಟರ್. ನೀಲಿ ರಿಬ್ಬನ್ನಿನ ನಾನೂ ಅಲ್ಲಿದ್ದೇನೆ, ಇನ್ನೇನು ನನ್ನ ಕೈ ಹಿಡಿದವಳ ಬೆವರು ನನ್ನ ಅಂಗೈಗೆ ತಾಗುತ್ತದೆ ಎನ್ನುವ ಹಾಗೆ. ಆಮೇಲೆ ಕೊಡೆಯ ಕೆಳಗೆ ಹಸಿರು ಸೀರೆ ಕಂಡಿತು, ಕೆಂಪು ಅಂಚು. ಆ ಸೀರೆಯನ್ನು ಗೃಹಪ್ರವೇಶಕ್ಕೆ ಉಡಿಸಿದವಳು ನಾನೇ.

ಎದ್ದು ನಿಂತೆ. ಮೇಷ್ಟ್ರೂ ಎದ್ದರು.

"ಯಾರ್ರಿ ಅದು ಅಮ್ಮ, ನಡುವೆ?"

"ನಮ್ಮ ಅತ್ತೆ, ಸರ್."

ಮೇಷ್ಟ್ರು ಟೋಪಿ ತೆಗೆದು ತಲೆ ಒರೆಸಿಕೊಂಡರು. "ಟ್ರ್ಯಾಕ್ಟರ್‌ನವರಾ?"

"ಹೌದು ಸರ್."

ಹತ್ತಿರ ಬಂದಂತೆ ನನಗೆ ಒಂದೊಂದೇ ಕಂಡವು. ಅತ್ತೆಯ ಒಂದು ಕಾಲಿಗೆ ಬಿಳಿ ಬ್ಯಾಂಡೇಜು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಒಬ್ಬ ಹುಡುಗಿಯ ಹೆಗಲ ಮೇಲೆ. ಅತ್ತೆಯ ಎಲೆಯಡಿಕೆ ಚೀಲ ನನ್ನ ಮಗಳ ಕೊರಳಲ್ಲಿ, ಅವಳ ದೊಡ್ಡ ಚೀಲದ ಮುಂದೆ ಕೂಸಿನ ಹಾಗೆ ತೂಗುತ್ತಿತ್ತು. ಮಗಳ ಮುಖ ಧೂಳು, ಬೆವರು. ನನ್ನನ್ನು ನೋಡಿ ನಗಲಿಲ್ಲ. ಮೇಷ್ಟ್ರನ್ನು ನೋಡುತ್ತಿದ್ದಳು.

"ತಡ ಆಯ್ತು ಸರ್," ಎಂದಳು.

"ಕಾಣ್ತೈತೆ. ಇವರು ಯಾವಾಗಿಂದ ನಿಮ್ಮ ಜೊತೆಗೆ?"

ಮಕ್ಕಳು ಬಾಯಿ ತೆರೆಯುವ ಮೊದಲೇ ಅತ್ತೆ ಮೆಟ್ಟಿಲ ಮೇಲೆ ಕೂತು ಕೊಡೆ ಮಡಚಿದರು. "ಅವುನ್ನ ಯಾಕೆ ಕೇಳ್ತೀರಿ, ನನ್ನ ಕೇಳ್ರಿ. ಬೆಳಿಗ್ಗೆ ಬಾಗ್ಲು ಮುಂದೆ ಹೋದ್ವು. ಈ ಹುಡುಗಿ ನಿಲ್ಲಿಲ್ಲ, ಕೈ ಮುಗಿದು ಹಂಗೇ ನಡೆದ್ಳು. ನಾನು ಗಾಡಿ ಅನ್ನಲಿಲ್ಲ, ಊಟ ಅನ್ನಲಿಲ್ಲ. ಆದ್ರೆ ತವರಿನ ಹೆಣ್ಣುಮಗಳು ಬಾಗ್ಲಿಗೆ ಬಂದು ಹೋಗ್ವಾಗ ಯಾರಾರ ಊರಬಾಗ್ಲು ತನಕ ಹೋಗಿ ಕಳ್ಸಿ ಬರ್ತಾರೋ ಇಲ್ಲೋ? ಅಷ್ಟೂ ಬ್ಯಾಡ ಅಂತ ಯಾರೂ ಹೇಳಿರಲಿಲ್ಲ. ಊರಬಾಗ್ಲು ತನಕ ಕಳ್ಸಿ ಬರಾನ ಅಂತ ಹೊಂಟೆ."

"ನಿಮ್ಮ ಊರಬಾಗಿಲು ಹರಿಹರದಾಗೈತಾ?" ಎಂದರು ಮೇಷ್ಟ್ರು.

ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ. "ಊರಬಾಗ್ಲಾಗೆ ನಿಂತೆ. ಇವು ತಿರುಗಿ ನೋಡ್ಲಿಲ್ಲ. ತಿರುಗಿ ನೋಡಿದ್ರೆ ಬರ್ತಿರ್ಲಿಲ್ಲ ನಾನು. ಒಬ್ಬರೂ ನೋಡದಂಗೆ ಹೋದ್ವಲ್ಲ ಅಂತ, ನಾಲೆ ತನಕ ಹೋಗಾನ ಅನ್ನಿಸ್ತು. ನಾಲೆ ಮ್ಯಾಲೆ ಬಂದೆ, ಅಲ್ಲೇ ಮುಂದೆ ಕಾಣ್ತಿದ್ವು. ಇನ್ನೊಂದೀಟು ಹೋಗಾನ ಅಂದೆ."

ನಮ್ಮಲ್ಲಿ ಬೀಳ್ಕೊಡುವುದೆಂದರೆ ಹೀಗೇ. ಒಳಮನೆಯಲ್ಲಿ ಒಂದು ಸಲ ಹೋಗಿಬರ್ತೀವಿ ಎಂದಾಗುತ್ತದೆ, ಹೊಸ್ತಿಲಲ್ಲಿ ಮತ್ತೊಂದು ಸಲ, ಗೇಟಿನ ಹತ್ತಿರ ನಿಜವಾದ ಮಾತುಕತೆ ಶುರುವಾಗುತ್ತದೆ. ಎಷ್ಟೋ ಸಲ ಅತ್ತೆ ನಮ್ಮನ್ನು ಬಸ್ಸಿನವರೆಗೆ ಕಳಿಸಲು ಬಂದು, ಬಸ್ಸು ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಹೋದದ್ದಿದೆ. ಅದನ್ನು ಮೇಷ್ಟ್ರಿಗೆ ಹೇಳೋಣವೆಂದುಕೊಂಡೆ. ಹೇಳಿದರೆ ಪಕ್ಷ ವಹಿಸಿದಂತಾಗುತ್ತದೆಂದು ಸುಮ್ಮನಾದೆ.

ಉಳಿದದ್ದನ್ನು ಮಗಳು ಹೇಳಿದಳು. ತೂಬು ದಾಟಿ, ಮಿಸ್ ಮುಂದೆ ಹೋದ ಮೇಲೆ, ಹಿಂದಿನಿಂದ ಅಯ್ಯೋ ಎಂದು ಸದ್ದು ಬಂತಂತೆ. ಅಜ್ಜಿಯ ಚಪ್ಪಲಿಯ ಬಾರು ಹರಿದು, ಕಾಲು ಮಡಚಿ ನಾಲೆಯ ಏರಿಯ ಮೇಲೆ ಕೂತುಬಿಟ್ಟಿದ್ದರು. ಅಲ್ಲಿಯವರೆಗೆ ಅಜ್ಜಿ ಹಿಂದೆ ಬರುತ್ತಿರುವುದೇ ನಾಲ್ವರಿಗೂ ಗೊತ್ತಿರಲಿಲ್ಲ.

"ನಾವು ವಾಪಸು ಹೋದ್ವಿ ಸರ್. ಕಾಲು ಊದಿತ್ತು. ತಣ್ಣೀರು ಬಟ್ಟೆ ಹಾಕಿ ಬ್ಯಾಂಡೇಜು ಕಟ್ಟಿದ್ವಿ. ಮೇನ್ ರೋಡಿಗೆ ಕರ್ಕೊಂಡು ಹೋಗಿ ಬಸ್ ಹತ್ತಿಸ್ತೀವಿ ಅಂದ್ವಿ. ಅಜ್ಜಿ ಹತ್ತಲ್ಲ ಅಂದ್ರು."

"ನೀವು ಹತ್ತಂಗಿಲ್ಲ ಅಂದ ಮ್ಯಾಲೆ ನಾನೆಂಗೆ ಹತ್ತಲಿ," ಎಂದರು ಅತ್ತೆ.

"ಮನೆಗೆ ಫೋನ್ ಮಾಡ್ತೀವಿ, ಟ್ರ್ಯಾಕ್ಟರ್ ತರ್ತಾರೆ ಅಂದ್ರೆ, ಟ್ರ್ಯಾಕ್ಟರ್ ಸುದ್ದಿ ಎತ್ತಬ್ಯಾಡ ಅಂದ್ರು. ಬಿಟ್ಟು ಬರಾಕೆ ಆಗ್ಲಿಲ್ಲ ಸರ್. ನಿಧಾನಕ್ಕೆ ಕರ್ಕೊಂಡು ಬಂದ್ವಿ."

ಮೇಷ್ಟ್ರು ಅತ್ತೆಯ ಕಡೆ ತಿರುಗಿದರು. "ದಾರಿ ತೋರಿಸಿದ್ರಾ ನೀವು?"

"ನಾನೆಲ್ಲಿ ತೋರಿಸ್ಲಿ. ಆ ಬೇವಿನ ಮರದ ಹತ್ರ ಎಡಕ್ಕೆ ಹೋಗ್ರಿ, ಹತ್ರ ಆಗ್ತೈತೆ ಅಂದೆ. ಈ ಹುಡುಗಿ ಮ್ಯಾಪ್ ಬಿಚ್ಚಿ, 'ಹೇಳ್ಬ್ಯಾಡಜ್ಜಿ, ನೀನು ಹೇಳಿದ್ರೆ ನಾವು ಕೇಳಂಗಿಲ್ಲ' ಅಂತ ಬಲಕ್ಕೆ ಕರ್ಕಂಡು ಬಂದ್ಳು. ಸುತ್ತು ದಾರಿ."

"ಊಟ?"

"ಅವರೇ ಕೊಟ್ರು. ಮೂರು ಕಲ್ಲು ಹೂಡಿ ಉಪ್ಪಿಟ್ಟು ಮಾಡಿದ್ರು, ನನಗೂ ಒಂದೀಟು ಹಾಕಿದ್ರು." ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆ ಹೇಳಿದರು, "ಉಪ್ಪು ಕಮ್ಮಿ ಇತ್ತು. ಆದ್ರೆ ಬಿಸಿ ಇತ್ತು."

ನನಗೆ ಆ ನಾಲೆಯ ಏರಿ ಕಣ್ಣಿಗೆ ಕಟ್ಟಿತು. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅತ್ತೆ ಕೂತು, ಬೇರೆಯವರು ಬಡಿಸಿದ್ದನ್ನು ಮೊದಲು ಉಂಡದ್ದನ್ನು ನೋಡಿದ ನೆನಪಿಲ್ಲ. ನೀರಿನ ಸದ್ದು, ಬೇವಿನ ನೆರಳು, ಪ್ಲಾಸ್ಟಿಕ್ ತಟ್ಟೆಯಲ್ಲಿ ಉಪ್ಪು ಕಮ್ಮಿಯಾದ ಉಪ್ಪಿಟ್ಟು. ಊರಲ್ಲೆಲ್ಲ ಉಣ್ಣಿಸಿ ಹೆಸರಾದ ಕೈ ತಟ್ಟೆ ಹಿಡಿದು ಕಾಯುತ್ತಿರುವುದು.

ಮೇಷ್ಟ್ರು ಹುಡುಗಿಯರಿಗೆ ಚೀಲ ಇಳಿಸಲು ಹೇಳಿ, ಮ್ಯಾಪು ಈಸಿಕೊಂಡು, ಎಲ್ಲಿ ತಿರುಗಿದಿರಿ, ಏಕೆ ತಿರುಗಿದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲ ಮುಗಿದ ಮೇಲೆ, "ದೊಡ್ಡವರು ಜೊತೆಗಿರಬಾರದು ಅನ್ನೋದು ನಿಯಮ. ನಾನೊಬ್ಬನೇ ಹೇಳಾಕ ಬರಲ್ಲ. ನಿಮ್ಮ ಮಿಸ್ ಹತ್ರ ಮಾತಾಡಿ ಸಂಜೆ ತಿಳಿಸ್ತೀನಿ," ಎಂದರು. ಹೋಗುವಾಗ ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾ ಅತ್ತೆಗೆ ಕೊಟ್ಟರು. ಅತ್ತೆ ಅದನ್ನೂ ಕುಡಿದರು.

ಹಾಗೆ ಅತ್ತೆ ದಾವಣಗೆರೆಗೆ ಬಂದರು, ವರ್ಷದ ಮೇಲೆ. ಬರುವಾಗಲೂ ರೈಲೇ. ಪ್ರಯಾಣ ಮುಗಿದಿದೆ, ಈಗ ಹತ್ತಬಹುದು ಎಂದು ಮಗಳು ಎರಡೆರಡು ಸಲ ಹೇಳಿದ ಮೇಲೆಯೇ ಅವರು ಡಬ್ಬಿಯ ಮೆಟ್ಟಿಲ ಮೇಲೆ ಕಾಲಿಟ್ಟದ್ದು. ಎದುರಿನ ಸೀಟಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದರು. ಕಿಟಕಿಯಿಂದ ಬಂದ ಇಳಿಬಿಸಿಲು ಅತ್ತೆಯ ಬಿಳಿಗೂದಲ ಮೇಲೆ ಒಂದು ಸಲ, ಮಗಳ ಧೂಳುಗೂದಲ ಮೇಲೆ ಒಂದು ಸಲ ಬಿದ್ದು, ಮರ ಬಂದಾಗ ಆರಿ, ಮತ್ತೆ ಬೀಳುತ್ತಿತ್ತು. ಮಗಳ ಕೊರಳಲ್ಲಿ ಎಲೆಯಡಿಕೆ ಚೀಲ ಹಾಗೇ ಇತ್ತು. ನಿದ್ದೆಯಲ್ಲಿಯೂ ಅವಳ ಕೈ ಅದರ ಮೇಲಿತ್ತು.

ಸಂಜೆ ಹಿತ್ತಲ ಕಟ್ಟೆಯ ಮೇಲೆ ಅತ್ತೆಯನ್ನು ಕೂರಿಸಿ, ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ಇಟ್ಟೆ. ಪಾದ ಅದ್ದಿ ಉಸ್ಸೆಂದರು. ಮಗಳು ಸ್ನಾನ ಮಾಡಿ ಬಂದು, ತಲೆಯೂ ಒರೆಸಿಕೊಳ್ಳದೆ, ಫೋನನ್ನು ಮೊಣಕಾಲ ಮೇಲಿಟ್ಟುಕೊಂಡು ಅವರ ಪಕ್ಕ ಕೂತಳು. ದೀಪ ಹಚ್ಚುವ ಹೊತ್ತು. ಕರಿಬೇವಿನ ಗಿಡದಲ್ಲಿ ಗುಬ್ಬಿಗಳು ರಾತ್ರಿಗೆ ಜಾಗ ಹಂಚಿಕೊಳ್ಳುತ್ತಿದ್ದವು.

"ನನ್ನಿಂದ ಮತ್ತೆ ಕೆಡ್ತೇನೋ," ಎಂದರು ಅತ್ತೆ, ನೀರನ್ನೇ ನೋಡುತ್ತ.

ಮಗಳು ಅವರ ಸೆರಗಿನಿಂದ ತನ್ನ ಕಿವಿ ಒರೆಸಿಕೊಂಡಳು.

ಫೋನು ಬಂತು. ಮಿಸ್. ಮಗಳು ಎದ್ದು ನಿಂತು, ಎಸ್ ಮಿಸ್, ಎಸ್ ಮಿಸ್ ಎಂದಳು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ಥ್ಯಾಂಕ್ಯೂ ಮಿಸ್ ಎಂದು ಇಟ್ಟವಳು ಕೂತು, ನೆಲ ನೋಡಿ, ಆಮೇಲೆ ನಗತೊಡಗಿದಳು. ನಗು ನಿಲ್ಲಿಸಲು ಆಗಲಿಲ್ಲ.

"ಆಯ್ತಂತಮ್ಮ. ಬೆಳ್ಳಿ ಮುಗೀತು."

"ಸರ್ ಏನಂದ್ರಂತೆ?"

"ದೊಡ್ಡವರು ಜೊತೆಗಿದ್ದು ಮಕ್ಕಳಿಗೆ ಸಹಾಯ ಮಾಡಿದ್ರೆ ತಪ್ಪಂತೆ. ಅಜ್ಜಿ ಸಹಾಯ ಏನೂ ಮಾಡಿಲ್ವಂತೆ. ಅಜ್ಜಿನ ಲಗೇಜಿನ ಲೆಕ್ಕಕ್ಕೆ ಹಿಡಿದೀನಿ ಅಂದ್ರಂತೆ. ಬಿಟ್ಟು ಬಂದಿದ್ರೆ ಫೇಲ್ ಮಾಡ್ತಿದ್ದೆ ಅಂದ್ರಂತೆ."

"ಲಗೇಜಾ ನಾನು?" ಎಂದರು ಅತ್ತೆ. ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದರು, ತುಟಿ ತಾನಾಗಿ ನಡುಗಿ ನಗುವಾಯಿತು. ಕಣ್ಣಲ್ಲಿ ನೀರೂ ಬಂತು. ನೀರಲ್ಲಿದ್ದ ಕಾಲನ್ನು ತೆಗೆಯದೆ, ಮಗಳ ಗದ್ದ ಹಿಡಿದು ಹತ್ತಿರ ಎಳೆದು, ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಒಂದು ಸಣ್ಣ ಪೊಟ್ಟಣ. ಬೆಳಿಗ್ಗೆ ಕಟ್ಟೆಯಿಂದ ಇಳಿದಾಗಲೇ ಕಟ್ಟಿಕೊಂಡು ಹೊರಟಿದ್ದ ಕುಂಕುಮ. ದಾರಿಯಲ್ಲಿ ಅದನ್ನೂ ಇಡಬಾರದೇನೋ ಎಂದು ಇಟ್ಟಿರಲಿಲ್ಲ. ಬೆವರಿಗೆ ನೆನೆದು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಹಣೆಗಿಟ್ಟರು. ಮಗಳು ಕಣ್ಣು ಮುಚ್ಚಿಕೊಂಡಿದ್ದಳು.

"ಅಲ್ಲವ್ವ, ಬೆಳ್ಳಿ ಅಂದ್ರೆ ಏನ್ ಕೊಡ್ತಾರೆ? ಬಟ್ಲಾ, ಲೋಟಾನಾ?"

"ಒಂದು ಪಿನ್ನು ಅಜ್ಜಿ. ಇಷ್ಟೇ ಇಷ್ಟು."

"ಬೆಳ್ಳೀದಾ?"

"ಅಲ್ಲ. ಬಣ್ಣ ಅಷ್ಟೆ."

ಅತ್ತೆ ತಮ್ಮ ಊದಿದ ಕಾಲನ್ನು ನೀರಿನಿಂದ ಎತ್ತಿ ಒಮ್ಮೆ ನೋಡಿ, ಮತ್ತೆ ಇಳಿಬಿಟ್ಟರು.

ಆಗಲೇ ಕಾಂಪೌಂಡಿನಾಚೆ ಪಕ್ಕದ ಮನೆಯಾಕೆಯ ತಲೆ ಕಂಡಿತು. ಬೆಳಿಗ್ಗೆ ರೊಟ್ಟಿ ಬಡಿದ ಕೈಯಲ್ಲಿ ಈಗ ಸೌಟಿತ್ತು. ಒಲೆಯ ಮೇಲೆ ಏನೋ ಇಟ್ಟು ಓಡಿ ಬಂದಿದ್ದರು. "ಓ, ಕೊಕ್ಕನೂರಮ್ಮ. ಯಾವಾಗ ಬಂದ್ರಿ? ಕಾಲಿಗೇನಾತು?"

"ಹರಿಹರದ ತನಕ ನಡ್ಕಂಡು ಬಂದೆ ಕಣವ್ವ, ಮೊಮ್ಮಗಳ ಜೊತೆ," ಎಂದರು ಅತ್ತೆ, ತುಸು ಬೆನ್ನು ನೆಟ್ಟಗೆ ಮಾಡಿ.

"ನಡ್ಕಂಡಾ? ಯಾಕ್ರಿ, ಬೇಕಾದಷ್ಟು ಬಸ್ ಅದಾವಲ್ಲ," ಎಂದು ಆಕೆ ಗೋಡೆಯ ಮೇಲಿಂದ ಕೈ ಚಾಚಿದರು. "ಎರಡೆಸಳು ಕರಿಬೇವು ಕಿತ್ಕಂತೀನ್ರಿ, ಒಗ್ಗರಣೆ ಸೀದು ಹೋಗ್ತೈತೆ."